ಟೆಂಟಿನ ತಾವರೆ

ನಮ್ಮ ದೊಡ್ಡಪ್ಪ ಸತ್ತು ಬಹಳ ವರ್ಷಗಳಾದವು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವ ಜನ ನಮ್ಮ ಕಡೆಯೂ ಇದ್ದಾರೆ. ಅಂಥವರು ಇದನ್ನು ಓದದಿದ್ದರೆ ನನಗೇನೂ ಬೇಸರವಿಲ್ಲ. ಚಳ್ಳಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸ್ ಹೊಲಿಸಲು ಬಂದ ಹೆಂಗಸರು ನನಗೆ ಬಹಳ ತಾಳ್ಮೆ ಎಂದು ಹೊಗಳಿದಾಗ ಒಳಗೊಳಗೇ ನಗು ಬರುತ್ತದೆ. ಅದು ತಾಳ್ಮೆಯಲ್ಲ. ಸೇಡಿಗೆ ಕಾದು ಕೂರುವುದನ್ನು ನಾನು ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲೇ ಕಲಿತೆ. ಕಲಿಸಿದವಳು ಅವ್ವ.

ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಕಲ್ಲಿನ ಗೋಡೆ, ಮುಂದೆ ಒಂದು ಉದ್ದನೆಯ ಪಡಸಾಲೆ, ಅದರಲ್ಲಿ ಎರಡು ಮಗ್ಗ. ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಪಕ್ಕದ್ದು ದೊಡ್ಡಪ್ಪನದು. ಕತ್ತಲೆ ಮೂಲೆಯದು ಅಪ್ಪನದು. ಅಪ್ಪ ಅಣ್ಣನೆದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಪಡಸಾಲೆಯ ಹಿಂದೆ ನಡುಮನೆ, ಅಡಿಗೆಮನೆ, ಆಮೇಲೆ ಹಿತ್ತಲು, ಹಿತ್ತಲಲ್ಲಿ ಸೌದೆ ತುಂಬುವ ಒಂದು ತಗಡಿನ ಕೋಣೆ. ದೊಡ್ಡಪ್ಪನ ಹೆಂಡತಿ ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಾಗಾಗಿ ಅವರ ಯಜಮಾನಿಕೆಯನ್ನೆಲ್ಲ ತೋರಿಸಲು ಸಿಕ್ಕವಳು ಅವ್ವ ಒಬ್ಬಳೇ. ನಡುಮನೆಯಲ್ಲಿ ಮಣೆ ಹಾಕಿಕೊಂಡು ಅವರು ಮೊದಲು ಉಣ್ಣಬೇಕು. ಅವರು ಕೈ ತೊಳೆಯುವ ತನಕ ಉಳಿದವರು ತಟ್ಟೆ ಮುಟ್ಟುವಂತಿಲ್ಲ. ಮುದ್ದೆ ಬಿಸಿ ಇರಬೇಕು, ಆದರೆ ಕೈ ಸುಡಬಾರದು. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಬಟ್ಟಲನ್ನು ಬಾಗಿಲ ತನಕ ತಳ್ಳಿ, ಅವ್ವ ಬಗ್ಗಿ ಒರೆಸುವುದನ್ನು ನೋಡುತ್ತ ಕೂತಿರುತ್ತಿದ್ದರು.

ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಗೆ ಹೆಂಗಸರು ಇಳಿಯಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ರಾಟೆ ಹಿಡಿದು ನೂಲು ಸುತ್ತಬಹುದು, ನೂಲಿಗೆ ಹಾಕುವ ಗಂಜಿ ಕಾಯಿಸಬಹುದು, ಕುಣಿಗೆ ಮಾತ್ರ ಕಾಲಿಡಬಾರದು. ಆದರೆ ಸೆರಗಿನ ಮೇಲೆ ಯಾವ ಹೂ, ಯಾವ ಹಕ್ಕಿ ಬರಬೇಕೋ ಅದನ್ನು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದವಳು ಅವ್ವ. ಒಂದೊಂದು ಚೌಕ ಒಂದೊಂದು ಎಳೆ. ಅವಳದು ಹುಟ್ಟಿನಿಂದ ರಂಗೋಲಿಯ ಕೈ. ಬೆಳಿಗ್ಗೆ ಬಾಗಿಲಲ್ಲಿ ಇಟ್ಟ ರಂಗೋಲಿಯನ್ನು ಮೆಟ್ಟಿ ಹೋಗಲು ಹಾಲಿನವನು ಸಹ ಹಿಂಜರಿಯುತ್ತಿದ್ದ. ಅವಳು ಬರೆದದ್ದು ಸೀರೆಯಾಗಿ ಅಂಗಡಿ ಸೇರಿದ ಮೇಲೆ ಅದು ದೊಡ್ಡಪ್ಪನ ಹೂವಾಗುತ್ತಿತ್ತು. ಯಾರಾದರೂ ಕೇಳಿದರೆ, ನಮ್ಮ ತಲೆಯಾಗೆ ಹುಟ್ಟಿದ್ದು ಎಂದು ಹಣೆ ಮುಟ್ಟಿಕೊಂಡು ತೋರಿಸುತ್ತಿದ್ದರು. ಅವ್ವ ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದಳು.

ಹೀಗಿರುವಾಗ ಆ ಕೆಟ್ಟ ಕಾಲ ಬಂತು. ರೇಷ್ಮೆ ನೂಲು ಕೈಗೆಟುಕದಂತಾಯಿತು. ನಮ್ಮ ಸೀರೆಯ ನಕಲನ್ನೇ ಮಿಷನ್ ಮಗ್ಗದಲ್ಲಿ ನೇಯ್ದು ಅಗ್ಗಕ್ಕೆ ಮಾರುವವರು ಹುಟ್ಟಿಕೊಂಡರು. ಅಂಗಡಿಯವರು ಮುಂದಿನ ತಿಂಗಳು ನೋಡೋಣ ಎಂದರು, ಆಮೇಲೆ ಅದನ್ನೂ ಹೇಳುವುದು ಬಿಟ್ಟರು. ಬೀದಿಯಲ್ಲಿ ಒಂದೊಂದೇ ಮಗ್ಗ ನಿಂತಿತು. ಹುಟ್ಟಿದಾಗಿನಿಂದ ಆ ಟಕಟಕ ಕೇಳಿಕೊಂಡೇ ಬೆಳೆದ ನನಗೆ ಆ ದಿನಗಳಲ್ಲಿ ಕಿವಿಯೇ ಕೆಟ್ಟಿತೇನೋ ಅನ್ನಿಸುತ್ತಿತ್ತು. ಅಕ್ಕಿ ಬಿಟ್ಟು ಜೋಳಕ್ಕೆ ಬಂದೆವು, ಜೋಳ ಬಿಟ್ಟು ನುಚ್ಚಿನ ಗಂಜಿಗೆ ಇಳಿದೆವು. ದೊಡ್ಡಪ್ಪನ ಮಣೆಯ ಮುಂದೆ ಮಾತ್ರ ಅನ್ನ ತಪ್ಪಲಿಲ್ಲ. ಒಂದು ಮಧ್ಯಾಹ್ನ ಅವರು ಉಂಡು ತೇಗಿ, ಅಪ್ಪನ ಕಡೆ ತಿರುಗಿದರು.

"ಲೇ, ನಿನ್ನ ಹೆಂಡ್ತೀನೂ ಮಗಳನ್ನೂ ಚಳ್ಳಕೆರೆಗೆ ಕಳ್ಸು. ಅವಳ ಅಣ್ಣನ ಮನೆಯಾಗೆ ಸ್ವಲ್ಪ ದಿನ ಇರ್ಲಿ. ಕೂತು ಉಣ್ಣೋ ಬಾಯಿ ಕಮ್ಮಿ ಆಗ್ತವೆ."

ಅಪ್ಪ ಆಗಲಿ ಎಂದರು. ಬೆಳಗಿನಿಂದ ಬಗ್ಗಿದ ಬೆನ್ನು ಎತ್ತದೆ ದುಡಿಯುತ್ತಿದ್ದ ಅವ್ವ ಕೂತು ಉಣ್ಣುವ ಬಾಯಿ ಆಗಿಬಿಟ್ಟಳು. ಮಾರನೆಯ ದಿನ ಬಸ್ಸಿನಲ್ಲಿ ಅವಳು ಅಳಲಿಲ್ಲ. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಮುಂದೆ ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಯಿತು ಎಂದು ಹೇಳಲಾರೆ.

ಚಳ್ಳಕೆರೆಯಲ್ಲೂ ಸುಗ್ಗಿ ಏನಿರಲಿಲ್ಲ. ಮಾವ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕಾಯಿ ಬರುವುದು ಕಡಿಮೆಯಾಗಿ ಮಿಲ್ಲು ವಾರದಲ್ಲಿ ಮೂರು ನಾಲ್ಕು ದಿನ ಬಾಗಿಲು ಹಾಕಿರುತ್ತಿತ್ತು. ದೊಡ್ಡಉಳ್ಳಾರ್ತಿ ಕಡೆಯಿಂದ ಇದ್ದ ಕುರಿ ಮಾರಿಕೊಂಡು ಬಂದವರು ಕೂಲಿ ಹುಡುಕುತ್ತ ಬಸ್‌ಸ್ಟ್ಯಾಂಡಿನಲ್ಲೇ ಕೂತಿರುತ್ತಿದ್ದರು. ಇಂಥ ಊರಿನ ಬಯಲಲ್ಲಿ ಒಂದು ಸಿನಿಮಾ ಟೆಂಟು ಬೀಡುಬಿಟ್ಟಿತ್ತು. ಕನ್ನಡದ ಪಿಕ್ಚರ್ ತರಿಸಲು ಅದರ ಮಾಲೀಕನಿಗೂ ಶಕ್ತಿ ಇರಲಿಲ್ಲ. ಎಲ್ಲಿಂದಲೋ ಗುಜರಿಗೆ ಬಿದ್ದಿದ್ದ ಅಮೆರಿಕದ ಹಳೆಯ ಕಪ್ಪುಬಿಳುಪು ರೀಲುಗಳನ್ನು ತಂದು ಹಾಕುತ್ತಿದ್ದ. ಭಾಷೆ ಯಾರಿಗೂ ಬಾರದು. ಅದಕ್ಕೆ ಪರದೆಯ ಪಕ್ಕ ಖಾಸಿಂ ಸಾಬ ಎಂಬ ನರೆತ ಗಡ್ಡದ ಮನುಷ್ಯ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದ, ಸ್ವಲ್ಪ ಕನ್ನಡ, ಸ್ವಲ್ಪ ತೆಲುಗು, ಉಳಿದದ್ದು ಉರ್ದು. ಅರ್ಧ ಕಥೆ ಅವನದೇ ಕಟ್ಟು ಎಂದು ನನಗೆ ಆಗಲೇ ಗುಮಾನಿ. ಹೆಂಗಸರು ಬರಲಿ ಎಂದು ಮಂಗಳವಾರದ ಮೊದಲ ಆಟಕ್ಕೆ ಒಂದು ಉಪಾಯ ಹೂಡಿದ್ದರು. ಟಿಕೆಟ್ ಕೊಂಡ ಪ್ರತಿ ಹೆಂಗಸಿಗೂ ಒಂದು ಪಿಂಗಾಣಿ ಬಸಿ ಪುಕ್ಕಟೆ. ನೀಲಿ ಅಂಚಿನ ಬಸಿ. ಅತ್ತೆ ಆಗಲೇ ಎರಡು ಗಳಿಸಿದ್ದಳು. ಅವ್ವನನ್ನೂ ನನ್ನನ್ನೂ ಎಳೆದುಕೊಂಡು ಹೋದಳು.

ಆ ಸಂಜೆ ಮರಳಿನ ಮೇಲೆ ಕೂತು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕೆಲಸ ಕಳೆದುಕೊಂಡ ಒಬ್ಬ ಹುಡುಗಿ, ಬಾಡಿಗೆ ಕೋಣೆಯಿಂದ ಹೊರಹಾಕುವ ಒಬ್ಬ ಸಿಡುಕಿನ ಮುದುಕಿ, ಆಮೇಲೆ ಒಂದು ನಾಟಕ ಕಂಪನಿ. ಕೊನೆಗೆ ಹಾಡು ಬಂತು. ಗಿರಣಿಯಲ್ಲಿ ಅಚ್ಚು ಹೊಡೆದಂತೆ ಒಂದೇ ಎತ್ತರದ ಹುಡುಗಿಯರು ಓಡಿ ಬಂದು, ತಲೆಗಳೆಲ್ಲ ನಡುವೆ ಸೇರುವಂತೆ ಸುತ್ತಲೂ ಮಲಗಿದರು. ಕ್ಯಾಮೆರಾ ಮೇಲಿನಿಂದ ನೋಡಿತು. ಎಲ್ಲರೂ ಒಟ್ಟಿಗೆ ಕಾಲು ಎತ್ತಿದರು, ಬಿಟ್ಟರು, ಮತ್ತೆ ಎತ್ತಿದರು. ಹುಡುಗಿಯರು ಮಾಯವಾಗಿ ಪರದೆಯ ತುಂಬ ಒಂದು ತಾವರೆ ಅರಳಿ ಮುಚ್ಚಿಕೊಳ್ಳುತ್ತಿತ್ತು. ಕಾಲೇ ದಳ, ಚೂಪು ಬೂಟಿನ ತುದಿಯೇ ದಳದ ತುದಿ. ಗಂಡಸರ ಕಡೆಯಿಂದ ಸಿಳ್ಳೆ ಬಿತ್ತು. ಅವ್ವನ ಕಡೆ ತಿರುಗಿದೆ. ಅವಳ ಬೆರಳು ಮರಳಿನ ಮೇಲೆ ಆಡುತ್ತಿತ್ತು. ಆಟ ಮುಗಿದು ಬಸಿ ಇಸಿದುಕೊಳ್ಳುವ ಸಾಲಿನಲ್ಲಿ ಅವಳು ಖಾಸಿಂ ಸಾಬನನ್ನು ಮಾತಾಡಿಸಿದಳು. ಪರ ಗಂಡಸಿನ ಜೊತೆ ಅವಳಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇವು ಯಾವ ಕಾಲದ್ದು ಸಾಬ್ರೆ?"

"ಅಮೆರಿಕಾದಾಗೆ ಊಟಕ್ಕೆ ಗತಿ ಇರ್ಲಿಲ್ಲಮ್ಮ, ಆ ಕಾಲದ್ದು. ಮಿಲ್ಲು ಬಂದ್, ಬ್ಯಾಂಕು ಬಂದ್. ದೊಡ್ಡ ದೊಡ್ಡೋರು ಗಂಜಿಗೆ ಸಾಲು ನಿಂತಿದ್ರು. ಈ ಬಸಿ ಕೊಡೋದೂ ಅಲ್ಲಿಂದೇ ಕಲ್ತಿದ್ದು. ಅಲ್ಲೂ ಟಾಕೀಸಿಗೆ ಹೆಂಗಸರು ಬರ್ಲಿ ಅಂತ ಹಿಂಗೇ ತಟ್ಟೆ, ಬಸಿ ಕೊಡ್ತಿದ್ರಂತೆ."

"ಹೊಟ್ಟೆಗೆ ಇಲ್ದೋರು ಇದನ್ನ ಯಾಕೆ ನೋಡಾಕೆ ಬರ್ತಿದ್ರು?"

"ಹೊಟ್ಟೆಗೆ ಇಲ್ಲ ಅಂತಾನೇ, ಬೆಹೆನ್. ಉಂಡೋನು ಮನೆಯಾಗೆ ಮಲಗ್ತಾನೆ."

ಖಾಸಿಂ ಸಾಬ ಹೇಳಿದ್ದು ಕಟ್ಟುಕಥೆ ಎಂದೇ ನಾನು ಬಹುಕಾಲ ನಂಬಿದ್ದೆ. ಈಚೆಗೆ ಅಂಗಡಿಯ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಹುಡುಕಿಸಿ ನೋಡಿದರೆ ಎಲ್ಲವೂ ನಿಜ. ಅವರ ಆ ಹಸಿವಿನ ಕಾಲದಲ್ಲಿ ಜನ ರೇಡಿಯೊ ಮುಂದೆ ಕೂತು ನಗೆಚಾಟಿಕೆ ಕೇಳುತ್ತಿದ್ದರಂತೆ. ಕೆಲಸವಿಲ್ಲದ ಚಿತ್ರಗಾರರಿಗೆ ಸರ್ಕಾರವೇ ಸಂಬಳ ಕೊಟ್ಟು ಪೋಸ್ಟ್ ಆಫೀಸಿನ ಗೋಡೆಗಳ ಮೇಲೆ ಚಿತ್ರ ಬರೆಸಿತಂತೆ. ಕುಣಿಯುವ ಹುಡುಗಿಯರ ಸಿನಿಮಾಗಳಿಗೆ ಜನ ಮುಗಿಬಿದ್ದರಂತೆ. ಅಂಥ ಹಾಡುಗಳನ್ನು ಒಂದಾದ ಮೇಲೆ ಒಂದು ನೋಡಿದೆ. ಹುಡುಗಿಯರನ್ನು ಹೂವಿನಂತೆ ಜೋಡಿಸಿದವನ ಹೆಸರು ದೊಡ್ಡಕ್ಷರದಲ್ಲಿ ಬರುತ್ತದೆ. ನೆಲಕ್ಕೆ ಬೆನ್ನು ಹಚ್ಚಿ ಕಾಲು ಎತ್ತಿದವರಲ್ಲಿ ಒಬ್ಬಳ ಹೆಸರೂ ಇಲ್ಲ. ಅವರೂ ಊಟವಿಲ್ಲದ ಮನೆಗಳಿಂದಲೇ ಬಂದಿದ್ದಿರಬೇಕು. ಮೇಲಿನಿಂದ ನೋಡುವವನಿಗೆ ಹೂ ಕಾಣುತ್ತದೆ, ಸೊಂಟದ ನೋವು ಕಾಣುವುದಿಲ್ಲ. ನನಗೆ ಅಲ್ಲಿ ಕಂಡದ್ದು ನಮ್ಮ ಪಡಸಾಲೆಯೇ.

ಮತ್ತೆ ಮನೆಗೆ ಬಾ ಎಂದು ಕರೆ ಬಂದದ್ದು ನಮ್ಮ ಮೇಲಿನ ಪ್ರೀತಿಗಲ್ಲ. ನಮ್ಮ ಕುಲದ ದೇವಿಗೆ ಪ್ರತಿ ವರ್ಷ ಒಂದು ಮನೆಯವರು ಸೀರೆ ನೇಯ್ದು ಒಪ್ಪಿಸಬೇಕು. ಆ ವರ್ಷ ಸರದಿ ದೊಡ್ಡಪ್ಪನದು. ನೂಲನ್ನು ಕುಲದವರೆಲ್ಲ ಕೂಡಿ ಹೊಂದಿಸಿದ್ದರು. ದೇವಿಯ ಸೀರೆಯನ್ನು ನೋಡಲು ಧರ್ಮಾವರದ ಕಡೆಯ ಅಂಗಡಿಯವರೂ ಬರುತ್ತಾರೆ. ಹೂ ಮೆಚ್ಚಿಗೆಯಾದರೆ ನಿಂತ ಮಗ್ಗಗಳು ಮತ್ತೆ ಆಡಬಹುದು. ಹೂ ಬರೆಯುವ ಕೈ ಚಳ್ಳಕೆರೆಯಲ್ಲಿತ್ತು. ನಾವು ಬಂದೆವು. ಅವ್ವ ಮಂಗಳವಾರ ಮಂಗಳವಾರ ಟೆಂಟಿಗೆ ಹೋಗಿ ತಾನು ಗಳಿಸಿದ ಬಸಿಗಳನ್ನು ಸೀರೆಯಲ್ಲಿ ಸುತ್ತಿ ತಂದು, ತೊಳೆದು, ಅಡಿಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಳು. ಅವಳದೇ ಎನ್ನುವ ಪಾತ್ರೆ ಆ ಮನೆಯಲ್ಲಿ ಅದುವರೆಗೂ ಒಂದಿರಲಿಲ್ಲ.

ದೊಡ್ಡಪ್ಪ ನೀರಿಗೆಂದು ಬಂದವರು ಕಂಡರು.

"ಇವು ಎಲ್ಲಿಂದ ಬಂದ್ವು?"

"ಟೆಂಟ್ನಾಗೆ ಕೊಟ್ರು ಭಾವ. ಅಮೆರಿಕಾ ಪಿಕ್ಚರ್ ಬಂದಿತ್ತು."

"ಟೆಂಟಿಗೆ ಹೋಗಿದ್ದೆ? ತೊಡೆ ಬಿಟ್ಕಂಡು ಕುಣಿಯೋ ಹೆಂಗಸರನ್ನ ಗಂಡಸರ ಮಧ್ಯೆ ಕುಂತು ನೋಡ್ಕಂಡು ಬಂದೆ? ಸಿಗ್ಗು ಲೇದಾ ನೀಕು?"

ನಾಚಿಕೆಗೇಡಿ ಎನ್ನಬೇಕೆನಿಸಿದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. ಬಸಿಗಳನ್ನು ಬಾಚಿಕೊಂಡು ಮುಂಬಾಗಿಲಿಗೆ ಹೋದರು. ಕಟ್ಟೆಯ ಕಲ್ಲಿನ ಮೇಲೆ ಒಂದೊಂದಾಗಿ ಒಡೆದರು, ಒಂದೊಂದಕ್ಕೂ ಒಂದೊಂದು ಬೈಗುಳ, ಬೀದಿಯ ಕೊನೆಯ ಮನೆಗೆ ಕೇಳುವ ಹಾಗೆ. ಜನ ಬಾಗಿಲಿಗೆ ಬಂದರು. ಎಲ್ಲರೆದುರು ಅವ್ವನ ತಲೆಯ ಮೇಲೆ ಕೊಡಗಟ್ಟಲೆ ತಣ್ಣೀರು ಸುರಿದು, ಶುದ್ಧಿಯಾಗದೆ ಒಳಗೆ ಬರಬೇಡ ಎಂದರು. ಒದ್ದೆ ಸೀರೆ ಮೈಗಂಟಿ ನಿಂತ ಅವ್ವನನ್ನು ಆ ಬೀದಿಯ ಗಂಡಸರು ನೋಡಿದರು. ಅದರಲ್ಲಿ ದೊಡ್ಡಪ್ಪನಿಗೆ ಯಾವ ನಾಚಿಕೆಯೂ ಕಾಣಲಿಲ್ಲ. ಶಿಕ್ಷೆಯನ್ನೂ ಅಲ್ಲೇ ಹೇಳಿದರು. ದೇವಿಯ ಹಬ್ಬದ ತನಕ ಅವಳು ಹಿತ್ತಲ ಸೌದೆ ಕೋಣೆಯಲ್ಲಿರಬೇಕು, ಅಲ್ಲೇ ಉಣ್ಣಬೇಕು. ಹಬ್ಬದ ದಿನ ಸೀರೆ ಒಪ್ಪಿಸಿದ ಮೇಲೆ ಗುಡಿಯಲ್ಲಿ ಕುಲದವರೆಲ್ಲರ ಮುಂದೆ ಅಡ್ಡಬಿದ್ದು ತಪ್ಪಾಯಿತು ಎನ್ನಬೇಕು. ಇಲ್ಲವಾದರೆ ಚಳ್ಳಕೆರೆಯಲ್ಲೇ ಶಾಶ್ವತವಾಗಿ ಇರಬೇಕು, ನಾನು ಮಾತ್ರ ಇಲ್ಲಿಯೇ. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು.

ತಗಡಿನ ಕೋಣೆಯಲ್ಲಿ ಸೌದೆಯ ನಡುವೆ ಅವ್ವ ಚಾಪೆ ಹಾಸಿಕೊಂಡಳು. ನಾನು ಅಳುತ್ತ ಪಕ್ಕದಲ್ಲಿ ಕೂತರೆ ನನ್ನ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಿತ್ತಲ ನೆಲ ಸಾರಿಸಿ ದೊಡ್ಡದೊಂದು ರಂಗೋಲಿ ಇಟ್ಟಳು. ಟೆಂಟಿನಲ್ಲಿ ಕಂಡ ಅದೇ ತಾವರೆ. ನೋಡಿದ್ದವರಿಗೆ ಕಾಲು, ಬೂಟು, ನಡುವೆ ಕೂಡಿದ ತಲೆಗಳು ಎಲ್ಲ ಕಾಣುತ್ತಿದ್ದವು. ನೋಡಿಲ್ಲದವರಿಗೆ ಬರೀ ಹೂ. ಬೇವಿನ ಕಡ್ಡಿ ಅಗಿಯುತ್ತ ಬಂದ ದೊಡ್ಡಪ್ಪ ಅದರ ಮುಂದೆ ನಿಂತುಬಿಟ್ಟರು. ಬಹಳ ಹೊತ್ತು ಸುತ್ತ ತಿರುಗಿ ನೋಡಿದರು.

"ಇದು ಎಲ್ಲಿದು?"

"ತವರಿನ ಕಡೆ ಒಂದು ಗುಡಿ ಐತೆ ಭಾವ. ಅದರ ಛತ್ತಿನಾಗೆ ಕೆತ್ತಿದ್ರು."

"ದೇವಿ ಸೀರೆ ಸೆರಗಿಗೆ ಇದೇ ಹಾಕ್ತೀನಿ. ಕಾಗದಕ್ಕೆ ಇಳ್ಸು."

ನಾನು ಬಾಯಿ ತೆರೆದೆ. ಅವ್ವ ರಂಗೋಲಿ ಹಿಡಿದಿದ್ದ ಕೈಯನ್ನೇ ನನ್ನ ಬಾಯಿಗೆ ಒತ್ತಿದಳು. ತುಟಿಯೆಲ್ಲ ಬಿಳಿ ಪುಡಿಯಾಯಿತು. ಅವಳ ಕಣ್ಣು ನೋಡಿದೆ, ನನಗೆ ಎಲ್ಲ ತಿಳಿಯಿತು. ದೊಡ್ಡಪ್ಪ ಒಳಗೆ ಹೋದ ಮೇಲೆ, ದೇವಿಗೆ ಸಿಟ್ಟು ಬರೋದಿಲ್ಲವೇನವ್ವ ಎಂದು ಕೇಳಿದೆ.

"ಆಯಮ್ಮಂಗೆ ಯಾಕೆ ಸಿಟ್ಟು ಬರ್ತೈತೆ? ಅವಳೂ ಹೆಣ್ಣಲ್ಲೇನು?"

ಅವ್ವನ ಊಟ ಮೈಲಿಗೆ, ಅವ್ವನ ಕೈ ಮೈಲಿಗೆಯಲ್ಲ. ಸೌದೆ ಕೋಣೆಯಲ್ಲಿ ಕೂತೇ ಅವಳು ಚೌಕುಳಿ ಕಾಗದವನ್ನು ತುಂಬಿಸಿ ಪಟ್ಟಿ ಪಟ್ಟಿಯಾಗಿ ಕೊಟ್ಟಳು, ಅಂದಂದಿಗೆ ಬೇಕಾದಷ್ಟು. ದೇವಿಯ ಸೀರೆ ನೇಯುವುದಕ್ಕೆ ನಮ್ಮಲ್ಲಿ ಬೇರೆಯೇ ಕಟ್ಟು. ಮನೆಯ ಹಿರಿಯನೇ ಮಿಂದು, ಒಪ್ಪೊತ್ತು ಉಂಡು ನೇಯಬೇಕು. ಆ ಹೊತ್ತಿನಲ್ಲಿ ಪಡಸಾಲೆಗೆ ಹೆಂಗಸರು ಹಾಯಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ದೇವಿ ನೋಡುವ ಮುಂಚೆ ಸೀರೆಯನ್ನು ಯಾರೂ ಬಿಡಿಸಿ ನೋಡಬಾರದು, ನೇಯ್ದವನೂ ಕೂಡ. ನಮ್ಮ ಮಗ್ಗದಲ್ಲಿ ನೇಯುವವನ ಕಣ್ಣಿಗೆ ಬೀಳುವುದು ಬಟ್ಟೆಯ ಹಿಂಬದಿ. ಅದರ ಮೇಲೆ ಜರಿ ಎಳೆಗಳು ಅಡ್ಡಾದಿಡ್ಡಿ ಹಾದಿರುತ್ತವೆ. ಮುಖ ಕೆಳಗೆ. ನೇಯ್ದಷ್ಟೂ ಸುತ್ತಿಕೊಂಡು ಹೋಗುತ್ತದೆ. ಮಾಮೂಲಿ ಸೀರೆಯಾದರೆ ಕೆಳಗೆ ಕನ್ನಡಿ ಹಿಡಿದು ಮುಖ ನೋಡಿಕೊಳ್ಳುತ್ತಾರೆ. ದೇವಿಯ ಸೀರೆಗೆ ಕನ್ನಡಿಯೂ ನಿಷಿದ್ಧ. ದೊಡ್ಡಪ್ಪ ಭಕ್ತಿಯಿಂದ ನೇಯ್ದರು. ಅಮೆರಿಕದ ಹುಡುಗಿಯರ ಕಾಲುಗಳನ್ನು ಬಂಗಾರದ ಎಳೆಯಲ್ಲಿ, ಉಪವಾಸ ಇದ್ದು, ಎಳೆ ತಪ್ಪದೆ ನೇಯ್ದರು. ಮಗ್ಗದ ಸದ್ದು ಹಿತ್ತಲಿಗೆ ಕೇಳುತ್ತಿತ್ತು. ಎಷ್ಟೋ ಕಾಲದ ಮೇಲೆ ನನಗೆ ಆ ಸದ್ದು ಹಿತವೆನ್ನಿಸಿತು.

ಸೀರೆ ಕತ್ತರಿಸಿ, ಹಿಂಬದಿ ಹೊರಗಾಗುವಂತೆ ಮಡಿಚಿ, ಅರಿಶಿಣದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟ ವಾರದಲ್ಲೇ ಚಳ್ಳಕೆರೆಯ ಟೆಂಟು ಮೊಳಕಾಲ್ಮೂರಿಗೆ ಬಂತು. ಅದೇ ಖಾಸಿಂ ಸಾಬ, ಅದೇ ಬಸಿಗಳು, ಅದೇ ಪಿಕ್ಚರು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು ಅದನ್ನು ಬೈದದ್ದೇ ಬೈದದ್ದು. ಬೀದಿಯ ಹೆಂಗಸರು ತಲೆಯಾಡಿಸಿದರು. ಮಂಗಳವಾರ ಸಂಜೆ ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ, ಹಿತ್ತಲ ದಾರಿಯಿಂದ ಹೋಗಿ ಬಸಿ ಇಸಿದುಕೊಂಡು ಬಂದರು. ಪಕ್ಕದ ಮನೆಯ ಗೌರಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಹಾಡು ಬಂದಾಗ ಗಂಡಸರ ಕಡೆಯಿಂದ ಒಂದು ಕೆಮ್ಮು ಕೇಳಿತು. ಆ ಕೆಮ್ಮು ಕೇಳಿಯೇ ನಾವು ಮನೆಯಲ್ಲಿ ಮಾತು ನಿಲ್ಲಿಸುತ್ತಿದ್ದೆವು. ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ್ದ ಬಟ್ಟೆಯ ತಡಿಕೆಯಿಂದ ಇಣುಕಿದೆ. ತಲೆಯ ಮೇಲೆ ಟವೆಲ್ ಹೊದ್ದು, ಬಾಯಿ ಬಿಟ್ಟುಕೊಂಡು, ದೊಡ್ಡಪ್ಪ ಕಾಲುಗಳನ್ನು ನೋಡುತ್ತಿದ್ದರು. ಅವರಿಗೆ ಹೂ ಕಾಣುತ್ತಿರಲಿಲ್ಲ, ಅದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕುಲದ ಇನ್ನೂ ಕೆಲವು ಹಿರಿಯರ ಟವೆಲ್ಲುಗಳಿದ್ದವು. ಓಡಿ ಬಂದು ಅವ್ವನಿಗೆ ಹೇಳಿದೆ. ಅವಳು ಗಂಜಿ ಕುಡಿಯುತ್ತಿದ್ದಳು, ಕುಡಿದು ಮುಗಿಸಿ ಬಟ್ಟಲು ಕೆಳಗಿಟ್ಟಳು.

"ಯಾರಿಗೂ ಹೇಳಬ್ಯಾಡ. ಈಗ ಹೇಳಿದ್ರೆ ಒಂದು ಜಗಳ ಆಗ್ತೈತೆ ಅಷ್ಟೇ."

ಹಬ್ಬದ ದಿನ ಬೆಳಿಗ್ಗೆ ಗುಡಿಯ ಮಂಟಪ ತುಂಬಿತ್ತು. ಗಂಡಸರು ದೇವಿಯ ಹತ್ತಿರ ಕೂತಿದ್ದರು. ಹೆಂಗಸರು ಎಂದಿನಂತೆ ತೀರ ಹಿಂದೆ, ಬಾಗಿಲ ಕಡೆ. ಒದ್ದೆ ತಲೆಯ ಅವ್ವ ಎಲ್ಲರಿಗಿಂತ ಹಿಂದೆ ನಿಂತಿದ್ದಳು, ಅಡ್ಡಬೀಳಲು ಬಂದವಳು. ಪೂಜೆಯಾಯಿತು. ಗಂಟು ಬಿಚ್ಚಿ, ಸೆರಗಿನ ಒಂದು ತುದಿಯನ್ನು ದೊಡ್ಡಪ್ಪ, ಇನ್ನೊಂದನ್ನು ಅಪ್ಪ ಹಿಡಿದು ಎತ್ತಿ ಬಿಡಿಸಿದರು. ಹತ್ತಿರದ ಗಂಡಸರು ಆಹಾ ಎಂದರು. ಅಷ್ಟು ಹತ್ತಿರದಿಂದ ಜರಿ, ದಳ, ಬಣ್ಣ ಮಾತ್ರ ಕಾಣುತ್ತದೆ. ಬಾಗಿಲ ಬಳಿಯಿಂದ ಇಡೀ ಹೂವು ಕಾಣುತ್ತಿತ್ತು. ಮೊದಲು ಗೌರಕ್ಕನ ಸೆರಗು ಬಾಯಿಗೆ ಹೋಯಿತು. ಆಮೇಲೆ ಅವಳ ಅತ್ತೆಯದು. ಹೆಂಗಸರ ಭುಜಗಳು ಅಲುಗತೊಡಗಿದವು, ಯಾರೋ ಒಬ್ಬಳು ತಡೆಯಲಾರದೆ ಕಿಸಕ್ಕೆಂದಳು, ಅಷ್ಟೇ ಸಾಕಾಯಿತು. ನಗುವಿನ ಕಾರಣ ಹುಡುಕುತ್ತ ಕೆಲವು ಗಂಡಸರು ಎದ್ದು ಹಿಂದಕ್ಕೆ ಬಂದು ನೋಡಿದರು. ನೋಡಿದವರು ಏನೂ ಹೇಳದೆ ಮತ್ತೆ ಹೋಗಿ ಕೂತರು. ಅದು ಏನೆಂದು ಬಾಯಿಬಿಟ್ಟರೆ ತಾವು ಎಲ್ಲಿ ಕೂತು ನೋಡಿದ್ದು ಎಂದೂ ಹೇಳಬೇಕಾಗುತ್ತಿತ್ತು. ದೊಡ್ಡಪ್ಪ ಸೆರಗಿನ ತುದಿ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಬಾಗಿಸಿ, ತಾವು ನೇಯ್ದದ್ದನ್ನು ಮೊದಲ ಸಲ ಮುಖಾಮುಖಿ ನೋಡಿದರು. ಅವರ ಮುಖದ ರಕ್ತ ಇಳಿದದ್ದು ನನಗೆ ಕಂಡಿತು. ಅಂಥ ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ. ಅಪ್ಪ ತಮ್ಮ ಕೈಯಲ್ಲಿದ್ದ ತುದಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿದರು. ಅವರೂ ಟೆಂಟಿಗೆ ಹೋಗಿದ್ದರೋ ಏನೋ, ಕೊನೆಗೂ ಹೇಳಲಿಲ್ಲ.

ಸೀರೆ ದೇವಿಯ ಮೈಗೇರಿತು. ಕುಲದ ಯಜಮಾನರು ಗಂಟಲು ಸರಿಪಡಿಸಿಕೊಂಡು, ಇನ್ನೊಂದು ವಿಚಾರ ಇತ್ತಲ್ಲ ಎಂದು ದೊಡ್ಡಪ್ಪನಿಗೆ ನೆನಪಿಸಿದರು. ದೊಡ್ಡಪ್ಪ ಸೀರೆ ಸುತ್ತಿದ್ದ ಅರಿಶಿಣದ ಬಟ್ಟೆಯನ್ನು ಮಡಿಸುತ್ತ ನಿಂತರು. ಅವ್ವನೇ ಹೆಂಗಸರ ನಡುವಿನಿಂದ ನಡೆದು ಬಂದು ಮಂಟಪದ ಮಧ್ಯೆ ನಿಂತಳು.

"ಬಂದೀನಿ ಭಾವ. ಏನು ತಪ್ಪು ಮಾಡೀನಿ ಅಂತ ಎಲ್ಲರ ಮುಂದೆ ಹೇಳ್ರಿ. ಟೆಂಟ್ನಾಗೆ ನಾನು ಏನು ನೋಡಿದೆ, ಅದು ಹೆಂಗಿತ್ತು, ಬಿಡಿಸಿ ಹೇಳ್ರಿ. ಅಡ್ಡಬೀಳ್ತೀನಿ."

ದೊಡ್ಡಪ್ಪ ದೇವಿಯ ಕಡೆ ನೋಡಲಿಲ್ಲ, ನೋಡಲು ಆಗುತ್ತಿರಲಿಲ್ಲ.

"ಏನಿಲ್ಲ. ಹೋಗು ಮನೆಗೆ."

"ಏನಿಲ್ಲ ಅಂದ್ರೆ ಇಷ್ಟು ದಿನ ಸೌದೆ ಕೋಣೆಯಾಗೆ ಯಾಕೆ ಕೂಡಿಸಿದ್ರಿ?"

"ಹೇಳಿದ್ನಲ್ಲ, ಏನಿಲ್ಲ ಅಂತ."

"ಹಂಗಾದ್ರೆ ಇವತ್ತಿಂದ ಒಳಗೆ ಉಣ್ತೀನಿ," ಎಂದಳು ಅವ್ವ. ದೇವಿಗೆ ಕೈ ಮುಗಿದಳು, ಬೇರೆ ಯಾರಿಗೂ ಮುಗಿಯಲಿಲ್ಲ. ಆ ಮಧ್ಯಾಹ್ನ ನಡುಮನೆಯಲ್ಲಿ ಅವಳೂ ನಾನೂ ಮೊದಲು ಉಂಡೆವು. ದೊಡ್ಡಪ್ಪ ಪಡಸಾಲೆಯಲ್ಲಿ ಕಾಯುತ್ತಿದ್ದರು. ಅವ್ವ ಅವಸರ ಮಾಡಲಿಲ್ಲ, ಮಜ್ಜಿಗೆ ಎರಡು ಸಲ ಹಾಕಿಸಿಕೊಂಡಳು.

ಕಥೆ ಅಲ್ಲಿಗೆ ಮುಗಿದಿದ್ದರೆ ನನಗೆ ಅಷ್ಟು ತೃಪ್ತಿಯಾಗುತ್ತಿರಲಿಲ್ಲ. ಅಂಗಡಿಯವರು ಆ ಹೂವನ್ನು ಮೆಚ್ಚಿದರು. ದೇವಿ ಉಟ್ಟ ತಾವರೆ ಎಂದು ಹೆಸರಿಟ್ಟು ಬೇಡಿಕೆ ಕಳಿಸಿದರು. ಮದುವೆ ಹೆಣ್ಣುಗಳೆಲ್ಲ ಅದನ್ನೇ ಕೇಳಿದರು. ಬೀದಿಯ ಮಗ್ಗಗಳು ಒಂದೊಂದಾಗಿ ಎದ್ದವು, ನಮ್ಮ ತಟ್ಟೆಗೆ ಅನ್ನ ಬಂತು. ದೊಡ್ಡಪ್ಪನ ಮಗ್ಗದ ಮೇಲೆ ವರ್ಷಗಟ್ಟಲೆ ಬೇರೆ ಹೂ ಏರಲೇ ಇಲ್ಲ. ಬೇಡ ಎನ್ನಲು ಅವರಿಗೆ ಕಾರಣ ಹೇಳಲು ಬರುತ್ತಿರಲಿಲ್ಲ. ಕಣ್ಣು ಮಂಜಾಗುವ ತನಕ ಅವರು ಆ ಕಾಲುಗಳನ್ನೇ ನೇಯ್ದರು. ಒಂದು ಸೀರೆ ಇಳಿದ ಕೂಡಲೇ ಅವ್ವ ಪಡಸಾಲೆಯ ಬಾಗಿಲಿಗೆ ಬಂದು, ಇನ್ನೊಂದು ಬಂದೈತೆ ಭಾವ, ಅದೇ ಹೂವು ಎಂದು ಮೆತ್ತಗೆ ಹೇಳಿ ಹೋಗುತ್ತಿದ್ದಳು. ಅವರ ಬೆನ್ನು ಬಿಗಿಯಾಗುವುದನ್ನು ನೋಡಲೆಂದೇ ನಾನು ಅಲ್ಲಿ ರಾಟೆ ಇಟ್ಟುಕೊಂಡು ಕೂತಿರುತ್ತಿದ್ದೆ. ನನಗೆ ಪಾಪ ಅನ್ನಿಸಿತೇ ಎಂದು ಕೆಲವರು ಕೇಳಿದ್ದಾರೆ. ಅನ್ನಿಸಲಿಲ್ಲ.

ಕೊನೆಯ ದಿನಗಳಲ್ಲಿ ಅವರು ನಡುಮನೆಯ ಮಂಚ ಹಿಡಿದರು. ನಾನು ಮದುವೆಯಾಗಿ ಚಳ್ಳಕೆರೆಯಲ್ಲಿದ್ದೆ, ನೋಡಲು ಬಂದಿದ್ದೆ. ಅವ್ವ ಗಂಜಿ ಕುಡಿಸುತ್ತಿದ್ದಳು. ಅವರ ಸೇವೆಯ ವಿಷಯದಲ್ಲಿ ಅವಳು ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳಲಿಲ್ಲ. ದೊಡ್ಡಪ್ಪ ಅವಳ ಮಣಿಕಟ್ಟು ಹಿಡಿದುಕೊಂಡರು. ಸುತ್ತ ಯಾರಿಲ್ಲ ಎಂದು ನೋಡಿಕೊಂಡರು. ಬಾಗಿಲ ಮರೆಯಲ್ಲಿದ್ದ ನಾನು ಕಾಣಲಿಲ್ಲ.

"ತಪ್ಪಾತಮ್ಮ," ಎಂದರು, ಉಸಿರಿನಲ್ಲೇ.

ಅವ್ವ ಬಟ್ಟಲು ಕೆಳಗಿಟ್ಟಳು. ಎದ್ದು ಪಡಸಾಲೆ ದಾಟಿ ಮುಂಬಾಗಿಲನ್ನು ಪೂರ್ತಿ ತೆರೆದಳು. ಗೌರಕ್ಕನನ್ನು ಕರೆದಳು, ಎದುರುಮನೆಯವರನ್ನು ಕರೆದಳು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನೂ ಒಳಗೆ ಬರಹೇಳಿದಳು. ಅವರೆಲ್ಲ ಗಾಬರಿಯಿಂದ ಮಂಚದ ಸುತ್ತ ನಿಂತರು.

"ಈಗ ಹೇಳ್ರಿ ಭಾವ."

ದೊಡ್ಡಪ್ಪ ಅವರ ಮುಖಗಳನ್ನು ಒಂದೊಂದಾಗಿ ನೋಡಿದರು, ಗೋಡೆಯ ಕಡೆ ಮಗ್ಗುಲಾದರು. ಅವ್ವ ಸಾಕಷ್ಟು ಹೊತ್ತು ಕಾದಳು. ಆಮೇಲೆ ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸಿದಳು. ಅದಾದ ಮೇಲೆ ಅವರು ಬಾಯಿ ಬಿಡಲೇ ಇಲ್ಲ, ಆ ವಾರದಲ್ಲೇ ಹೋದರು. ಹೆಣ ಎತ್ತಿದ ಮೇಲೆ ಮನೆ ತೊಳೆಯುವಾಗ ನಾನು ಅವ್ವನನ್ನು ಕೇಳಿದೆ, ಸಾಯುವವರು ಹೇಳಿದ್ದರಲ್ಲ, ಅಷ್ಟಕ್ಕೇ ಒಪ್ಪಬಹುದಿತ್ತಲ್ಲವೇ ಎಂದು. ಅವಳು ಪೊರಕೆ ನಿಲ್ಲಿಸಲಿಲ್ಲ.

"ನನ್ನ ಬೈದದ್ದು ಬೀದಿಗೆ ಕೇಳೋ ಹಂಗೆ. ತಪ್ಪಾತು ಅನ್ನೋದು ಮಾತ್ರ ಕಿವಿಯಾಗೇನು?"